ಮೂವರ ಮೂರು ಕಿಡಕಿ

ತಂಬೂರಿನ ನಮ್ಮ ಮನೆಯ ಕಿಡಕಿಗಳ ಬಣ್ಣ ಯಾವುದೆಂದು ನಮ್ಮ ಮೂವರನ್ನು ಬೇರೆ ಬೇರೆ ಕೂರಿಸಿ ಕೇಳಿದರೆ ಮೂರು ಉತ್ತರ ಬರುತ್ತವೆ. ಅಕ್ಕನಿಗೆ ಅವು ಕೆಂಪು, ಅಣ್ಣನಿಗೆ ನೀಲಿ, ನನಗೆ ಹಸಿರು. ಉಳಿದಿಬ್ಬರಿಗೆ ಮರೆವು ಹತ್ತಿದೆ ಎಂದು ಪ್ರತಿಯೊಬ್ಬರ ನಂಬಿಕೆ. ಕಿಡಕಿಗಳು ಹಾಳಾಗಿ ಹೊಸವು ಮಾಡಿಸುವ ಕಾಲ ಬರದಿದ್ದರೆ ಈ ಜಗಳ ಏಳುತ್ತಲೇ ಇರಲಿಲ್ಲ.

ಹಾಳಾಗದೆ ಏನು ಮಾಡಿಯಾವು? ಕಲಘಟಗಿ ಸೀಮೆ ಅರೆಮಲೆನಾಡು. ನವಲಗುಂದ, ಅಣ್ಣಿಗೇರಿಯವರು ಮುಗಿಲು ನೋಡುತ್ತ ಕೂತಾಗಲೂ ನಮ್ಮಲ್ಲಿ ದೇವಿಕೊಪ್ಪದ ಅಡವಿ ಕಡೆಯಿಂದ ಜಿಟಿಜಿಟಿ ಹಿಡಿದುಕೊಂಡಿರುತ್ತದೆ. ಹಂಚಿನಿಂದ ಇಳಿದ ನೀರು ಅಂಗಳದ ಕೆಂಪು ರಾಡಿಯನ್ನು ಎತ್ತಿ ಕಿಡಕಿಯ ಕೆಳಪಟ್ಟಿಗೆ ಹೊಡೆಯುತ್ತದೆ. ಮೊದಲು ಕೊಳೆಯುವುದು ಅಲ್ಲೇ, ಗೆದ್ದಲು ಏರುವುದೂ ಅಲ್ಲಿಂದಲೇ. ಅಜ್ಜ ಚೌಕಟ್ಟಿಗೆ ಸಾಗವಾನಿ ಹಾಕಿಸಿ, ಕದಕ್ಕೆ ಆಗ ಕೈಗೆ ಸಿಕ್ಕ ಕಟ್ಟಿಗೆಯಲ್ಲಿ ಕೆಲಸ ಮುಗಿಸಿದ್ದನಂತೆ. ಚೌಕಟ್ಟು ಇನ್ನೂ ಗಟ್ಟಿಯಾಗಿವೆ, ಕದ ಹೋಗಿವೆ.

ಅಣ್ಣ ಹುಬ್ಬಳ್ಳಿಯ ಅಂಗಡಿಗೆ ಹೋಗಿ ಬಣ್ಣದ ಕಾರ್ಡಿನ ಫೋಟೊ ತೆಗೆದು ಮೊಬೈಲಿಗೆ ಕಳಿಸಿದ. ಮೇಲೊಂದು ಸಾಲು: "ಯಾವುದು ಹಚ್ಚೂದು ಲಗೂ ಹೇಳ್ರಿ." ನಾವು ಮೂವರೂ ಅಷ್ಟು ಬಣ್ಣಗಳ ಮುಂದೆ ಒಮ್ಮೆಗೇ ಬಾಯಿ ತೆರೆದೆವು. ಏಕೆಂದರೆ ಆ ಮನೆಯಲ್ಲಿ ಕಿಡಕಿಗೆ ಬಣ್ಣ ಆರಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಬಣ್ಣ ತಾನಾಗಿ ಬರುತ್ತಿತ್ತು, ಯಾವುದೋ ಬೇರೆ ಕೆಲಸಕ್ಕೆ ತಂದು ಉಳಿದದ್ದು.

ಅಕ್ಕನ ಕೆಂಪು ಬಂದದ್ದು ಎತ್ತಿನ ಕೋಡಿನಿಂದ. ಕಾರಹುಣ್ಣಿವಿಗೆ ಎತ್ತುಗಳ ಮೈ ತೊಳೆದು, ಕೋಡು ಹೆರೆದು, ಹುರಮಂಜು ಬಳಿಯುತ್ತಿದ್ದರು. ಅದೇ ಕೆಂಪು ಪುಡಿಯನ್ನು ಅಗಸಿ ಎಣ್ಣಿಯಲ್ಲಿ ಅರೆದು ಅಜ್ಜ ಬಾಗಿಲಿಗೂ ಕಿಡಕಿಗೂ ತಿಕ್ಕಿಸುತ್ತಿದ್ದ. ಎಣ್ಣಿ ಅಣ್ಣಿಗೇರಿಯ ಕಡೆಯ ಕರಿನೆಲದ್ದು, ನಮ್ಮ ಮಣ್ಣಿನಲ್ಲಿ ಅಗಸಿ ಅಷ್ಟಕ್ಕಷ್ಟೆ. ಮನೆಯಲ್ಲಿ ಶೇಂಗಾ ಎಣ್ಣಿ ಇರುವಾಗ ಅಷ್ಟು ದೂರದಿಂದ ಯಾಕೆ ತರಿಸುತ್ತೀ ಎಂದು ಅಜ್ಜಿ ಗೊಣಗುತ್ತಿದ್ದಳಂತೆ. ಅಜ್ಜ ಶಾಲೆ ಕಲಿತವನಲ್ಲ, ಆದರೆ ಅವನ ಹಟದಲ್ಲಿ ತಿಳಿವಳಿಕೆ ಇತ್ತು. ಅಗಸಿ ಎಣ್ಣಿ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗಿ ಒಣಗುತ್ತದೆ. ಶೇಂಗಾ ಎಣ್ಣಿ ಎಷ್ಟು ದಿನ ಬಿಟ್ಟರೂ ಜಿಗುಟು ಬಿಡದೆ ಧೂಳು ಹಿಡಿಯುತ್ತದೆ. ಹುರಮಂಜಿನ ಕೆಂಪು ಕಬ್ಬಿಣದ ಆಕ್ಸೈಡು. ಬಿಸಿಲಿಗೆ ಮಾಸುವ ಜಾತಿಯದಲ್ಲ. ಅಕ್ಕನ ಕೆಂಪು ಅಷ್ಟು ವರ್ಷ ತಾಳಿದ್ದು ಅದಕ್ಕೇ.

ನೀಲಿ ತಂದವನು ಕಾಕಾ. ಹೊಸ ಚಕ್ಕಡಿ ಮಾಡಿಸಿ, ಗಾಲಿಯ ಅರಕ್ಕೆಲ್ಲ ಎಣ್ಣಿಬಣ್ಣ ಬಳಿಸಿದ್ದ. ಡಬ್ಬಿಯ ತಳದಲ್ಲಿ ಉಳಿದದ್ದು ಬೀದಿಯ ಕಡೆಯ ಎರಡು ಕಿಡಕಿಗೆ ಸಾಲಿತು, ಹಿತ್ತಲದ ಕಡೆಯದಕ್ಕೆ ಸಾಲಲಿಲ್ಲ. ಆ ಕಿಡಕಿಗೆ ಅವ್ವ ಗೋಡೆಯ ಸುಣ್ಣಕ್ಕೆ ಹಾಕುವ ನೀಲಿಪುಡಿಯನ್ನೇ ಸುಣ್ಣದಲ್ಲಿ ಕಲಸಿ ಬಳಿದಳಂತೆ. ಬಟ್ಟೆಗೆ ಹಾಕುವ ಆ ನೀಲಿ ಸುಣ್ಣದ ಖಾರಕ್ಕೂ ಬಣ್ಣ ಬಿಡುವುದಿಲ್ಲ. ಆದರೆ ಕಟ್ಟಿಗೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವಾಗ ಸುಣ್ಣ ಹಪ್ಪಳದಂತೆ ಸಿಡಿದು ಬೀಳುತ್ತದೆ. ಮುಂದೆ ಹೊಳೆಯುವ ನೀಲಿ, ಹಿಂದೆ ಉದುರುವ ನೀಲಿ. ಅಣ್ಣ ಬೆಳೆದದ್ದು ಇವೆರಡರ ನಡುವೆ.

ನನ್ನ ಹಸಿರಿಗೆ ಕಾರಣ ಸೋದರತ್ತಿಯ ಮದುವೆ. ಬೀಗರು ಬರುತ್ತಾರೆಂದು ಇಡೀ ಮನೆಗೆ ಬಣ್ಣ ಹಚ್ಚಿಸಿದ ಒಂದೇ ಸಲ ಅದು. ಅಪ್ಪ ಕಲಘಟಗಿಯ ಅಂಗಡಿಯಿಂದ ಡಬ್ಬಿಗಳನ್ನು ತಂದಿಳಿಸಿದ. ಅವುಗಳ ಮೇಲೆ ಹಣೆಗೆ ಕೂದಲು ಬಿದ್ದ, ಕೈಯಲ್ಲಿ ಬ್ರಶ್ ಹಿಡಿದ ತುಂಟ ಹುಡುಗನ ಚಿತ್ರ. ಆ ಗಟ್ಟುವನ್ನು 1954ರಲ್ಲಿ ಏಶಿಯನ್ ಪೇಂಟ್ಸ್‌ಗೆ ಬರೆದುಕೊಟ್ಟವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅವನು ನಮ್ಮೂರವನೇ ಇರಬೇಕೆಂದುಕೊಂಡಿದ್ದೆ. ಹಸಿರಿನ ಹೆಸರು ಬಸ್ ಗ್ರೀನ್. ನಮ್ಮೂರಿಗೆ ಬರುತ್ತಿದ್ದ ಬಸ್ಸುಗಳೆಲ್ಲ ಕೆಂಪು. ಈ ಹೆಸರಿಟ್ಟ ಪುಣ್ಯಾತ್ಮ ಯಾವ ಊರಿನ ಬಸ್ಸು ನೋಡಿದ್ದನೋ! ಬಣ್ಣದ ಕಾರ್ಡಿನಲ್ಲಿ ಅದರ ನೆರೆಯವೂ ಅಂಥವೇ: ಫಿರೋಜಿ, ಆಕ್ಸ್‌ಫರ್ಡ್ ಬ್ಲೂ, ಸ್ಮೋಕ್ ಗ್ರೇ, ಪೋಸ್ಟ್ ಆಫೀಸಿನ ಕೆಂಪು.

ಆ ಹಸಿರು ಕಿಡಕಿಯ ಕೆಳಗೆ ನಾನು ಕಂಡದ್ದನ್ನೆಲ್ಲ ಬರೆಯಹೋದರೆ ಪುಟ ಸಾಲವು. ಅಜ್ಜ ಎಲೆಗೆ ಸುಣ್ಣ ಸವರಿ, ಬೆರಳಿಗೆ ಉಳಿದದ್ದನ್ನು ಚೌಕಟ್ಟಿಗೆ ಒರೆಸುತ್ತಿದ್ದ. ಅವ್ವ ಬೈಯುತ್ತಿದ್ದಳು, ಅಜ್ಜ ಹೂಂ ಎನ್ನುತ್ತಿದ್ದ, ಮರುದಿನ ಮತ್ತೆ ಅದೇ ಜಾಗದಲ್ಲಿ ಬಿಳಿ ಬೆರಳು. ಆ ಸುಣ್ಣದ ಗಂಟುಗಳ ಮೇಲೇ ಬಣ್ಣ ಬಳಿದಿದ್ದರಿಂದ, ಕತ್ತಲಲ್ಲಿ ಕೈಯಾಡಿಸಿದರೂ ಅದು ಅಜ್ಜ ಕೂರುವ ಕಡೆಯ ಚೌಕಟ್ಟೆಂದು ಗೊತ್ತಾಗುತ್ತಿತ್ತು. ಧಾರವಾಡ ಆಕಾಶವಾಣಿ ಸರಿಯಾಗಿ ಕೇಳಲು ರೇಡಿಯೊ ಅದೇ ಕಿಡಕಿಯಲ್ಲಿ ಕೂರಬೇಕು, ಏರಿಯಲ್ಲಿನ ತಂತಿ ಕಬ್ಬಿಣದ ಸಳಿಗೆ ಸುತ್ತಿರಬೇಕು. ಆಷಾಢದಲ್ಲಿ ಕದ ಉಬ್ಬಿ ಮುಚ್ಚುವುದಕ್ಕೇ ಒಲ್ಲೆ ಎನ್ನುತ್ತಿತ್ತು. ಅಣ್ಣ ಹೊರಗಿನಿಂದ ಭುಜ ಕೊಟ್ಟು ನೂಕುವುದು, ಅಕ್ಕ ಒಳಗಿನಿಂದ ಜಗ್ಗುವುದು, ನಾನು ನಡುವೆ ನಿಂತು ಇಬ್ಬರಿಗೂ ಅಪ್ಪಣೆ ಕೊಡುವುದು. ದೀಪಾವಳಿಯ ಹೊತ್ತಿಗೆ ಬಡಿಗ್ಯಾ ಬಂದು ಅಂಚಿಗೆ ತೋಪಡ ಹೊಡೆದು ಹೋಗುತ್ತಿದ್ದ. ಅಪ್ಪ ಮತ್ತೊಂದು ಕೈ ಬಣ್ಣ ಬಳಿಯುತ್ತಿದ್ದ, ಮುಂದಿನ ಆಷಾಢಕ್ಕೆ ಕದ ಇನ್ನಷ್ಟು ಬಿಗಿ.

ಜಗಳ ತೀರಿಸಿದ್ದು ಆ ತೋಪಡದ ಅಂಚು. ಹಳೇ ಕದಗಳನ್ನು ಇಳಿಸಿದ ದಿನ ನಾನು ಪುಣೆಯಿಂದ, ಅಕ್ಕ ಅಣ್ಣಿಗೇರಿಯಿಂದ ಬಂದಿದ್ದೆವು. ಕದದ ಅಂಚಿನಲ್ಲಿ ಓರೆಯಾಗಿ ಕೊಯ್ದಂತೆ ಪದರುಗಳು ಕಂಡವು: ಮೇಲೆ ಹಸಿರು, ನಡುವೆ ನೀಲಿ, ಕಟ್ಟಿಗೆಗೆ ಕಚ್ಚಿಕೊಂಡು ಕೆಂಪು. ಮೂವರೂ ನಿಜ ಹೇಳಿದ್ದೆವು. ಆದರೆ ಮೂವರೂ ಹುಟ್ಟುವ ಮುಂಚಿನ ಬಣ್ಣ ಕೆಂಪೇ ಎಂದು ಅಕ್ಕ ತಕ್ಷಣ ಹಕ್ಕು ಸಾಧಿಸಿದಳು. "ಮೂಲ ಅಂದ್ರ ಮೂಲ. ಆಮ್ಯಾಲ ಬಂದವು ಎಲ್ಲಾ ಬಾಡಿಗಿ ಮನಿ ಮಂದಿ."

ಅಣ್ಣ ಉಸುಕಿನ ಕಾಗದ ಹಿಡಿದು ಚೌಕಟ್ಟು ತಿಕ್ಕಲು ಕೂತಾಗ ನಾನು ತಡೆದೆ. ಹಳೆಯ ಎಣ್ಣಿಬಣ್ಣಗಳಲ್ಲಿ, ಅದರಲ್ಲೂ ಹಸಿರು ಹಳದಿಗಳಲ್ಲಿ, ಸೀಸ ಇರುವುದು ಹೆಚ್ಚು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಒಣಗಿದ್ದನ್ನು ತಿಕ್ಕಿದರೆ ಆ ಪುಡಿ ಅಂಗಳದಲ್ಲಿ ಆಡುವ ಮೊಮ್ಮಗಳ ಬಾಯಿಗೆ ಹೋಗುತ್ತದೆ. ನೀರು ಹೊಡೆದು, ಒದ್ದೆಯಿರುವಾಗಲೇ ಕೆರೆದು, ಗೋಣಿತಾಟಿನ ಮೇಲೆ ಬಿದ್ದದ್ದನ್ನೆಲ್ಲ ಕಟ್ಟಿ ತೆಗೆದೆವು.

ನಡುವೆ ಅಕ್ಕನಿಗೆ ತೊಟ್ಟಿಲ ನೆನಪಾಯಿತು. ನಾವು ಮೂವರೂ ಮಲಗಿದ ಕಲಘಟಗಿ ತೊಟ್ಟಿಲು ಅಟ್ಟದ ಮೇಲಿದೆ. ಅದರ ಮೇಲಿನ ಬಾಲಕೃಷ್ಣ ಇನ್ನೂ ಬೆಣ್ಣೆ ತಿನ್ನುತ್ತಿದ್ದಾನೆ, ಬಣ್ಣ ಒಂದಿಷ್ಟೂ ಕುಂದಿಲ್ಲ. ಯಶ್ ಅವರ ಮಗಳಿಗೆಂದು ಅಂಬರೀಶ್ ಹೇಳಿಟ್ಟದ್ದೂ ಕಲಘಟಗಿಯದೇ ತೊಟ್ಟಿಲು ಎಂದು ಸುದ್ದಿಯಾದ ಮೇಲಂತೂ ಅಕ್ಕ ನಮ್ಮದನ್ನು ಕಂಡವರಿಗೆಲ್ಲ ತೋರಿಸುತ್ತಾಳೆ. ಕಿಡಕಿಗೂ ಅದೇ ಅರಗಿನ ಬಣ್ಣ ಯಾಕೆ ಹಾಕಿಸಬಾರದು? ಅಣ್ಣ ಕಲಘಟಗಿಗೆ ಹೋಗಿ ತೊಟ್ಟಿಲು ಬರೆಯುವವರನ್ನು ಕೇಳಿಯೂ ಬಂದ. ಅವರು ನಕ್ಕು, "ತೊಟ್ಟಿಲಾ ಮಳ್ಯಾಗ ಇಡ್ತೀರೇನ್ರಿ?" ಎಂದರಂತೆ. ಅರಗು ಬಿಸಿಲಿಗೆ ಮೆತ್ತಗಾಗುತ್ತದೆ, ತೇವಕ್ಕೆ ಬಿಳಿಚಿಕೊಳ್ಳುತ್ತದೆ. ಒಳಗಿರುವ ವಸ್ತುವಿಗೆ ಅದು ಚಿನ್ನ, ಕಿಡಕಿಗಲ್ಲ.

ಇನ್ನು ಪ್ಲಾಸ್ಟಿಕ್ಕಿನ ಯುಪಿವಿಸಿ ಕಿಡಕಿ ಹಾಕಿಸುವ ಮಾತೂ ಬಂತು. ಕೊಳೆಯದು, ಗೆದ್ದಲು ಹತ್ತದು, ಆಷಾಢದಲ್ಲಿ ಉಬ್ಬದು. ಒಳ್ಳೆಯದೇ. ಆದರೆ ಅದರ ಬಣ್ಣ ಕಾರ್ಖಾನೆಯಲ್ಲೇ ಕೂತಿರುತ್ತದೆ, ಮನಸ್ಸು ತಿರುಗಿತೆಂದು ಮುಂದಿನ ಹಬ್ಬಕ್ಕೆ ಬದಲಿಸಲು ಬರುವುದಿಲ್ಲ. ಸರಿಯುವ ಕಿಡಕಿಯಾದರೆ ಒಂದು ಸಲಕ್ಕೆ ಅರ್ಧವೇ ತೆರೆಯುತ್ತದೆ. ಹಿತ್ತಲದ ಕಡೆ ಅದನ್ನೇ ಹಾಕಿಸಿದ್ದಾಯಿತು, ಬಿಳಿಯದು. ಬೀದಿಯ ಕಡೆಗೆ ಮಾತ್ರ ಅಜ್ಜನ ಚೌಕಟ್ಟು ಉಳಿಸಿ, ಸಾಗವಾನಿಯ ಹೊಸ ಕದ ಮಾಡಿಸಿದೆವು.

ಅವಕ್ಕೆ ಯಾವ ಬಣ್ಣ? ಮತ್ತೆ ಮೂರು ಬಾಯಿ, ಮೂರು ಬಣ್ಣ. ಇಷ್ಟು ಹೊತ್ತು ಚಹಾ ಕೊಡುತ್ತ ಸುಮ್ಮನಿದ್ದ ವೈನಿ ಕಪ್ಪು ಕೆಳಗಿಟ್ಟು ಹೇಳಿದಳು: "ನೀವೆಲ್ಲಾ ಹಬ್ಬಕ್ಕ ಬಂದು ಹೋಗೋ ಮಂದಿ. ಇವರು ಮುಂಜಾನೆ ಹೊಲಕ್ಕ ಹೋದ್ರ ಸಂಜಿಗೇ ಮಾರಿ ತೋರ್ಸೂದು. ದಿನಾ ಕಿಡಕಿ ನೋಡಾಕಿ ನಾನು." ನಮ್ಮಲ್ಲಿ ಯಾರಿಗೂ ಉತ್ತರ ಇರಲಿಲ್ಲ. ನಡುಮನೆ ಕತ್ತಲೆ, ಅದಕ್ಕೆ ಒಳಮೈಗೆ ಕೆನೆಬಿಳಿ ಎಂದಳು. ಹೊರಮೈಗೆ ಕಾವಿಗೆಂಪು.

ಕೆಂಪು ಎಂದದ್ದೇ ತಡ, ಅಕ್ಕನ ಮುಖ ನೋಡಬೇಕಿತ್ತು. ವೈನಿ ಅಷ್ಟಕ್ಕೆ ಬಿಡಲಿಲ್ಲ. "ಅಕ್ಕಾರು ಅಂದ್ರು ಅಂತ ಅಲ್ಲ ಮತ್ತ. ರಾಡಿ ಸಿಡದ್ರ ಕಾಣಂಗಿಲ್ಲ ಅಂತ."

ಅಕ್ಕ ಆ ಎರಡನೇ ಮಾತನ್ನು ಕೇಳಿಸಿಕೊಂಡಂತಿಲ್ಲ. ತವರುಮನೆಯ ಕಿಡಕಿಗೆ ತನ್ನ ಬಣ್ಣವೇ ನಿಂತಿತೆಂದು ಅಣ್ಣಿಗೇರಿಯಲ್ಲಿ ಅರ್ಧ ಓಣಿಗೆ ಹೇಳಿ ಮುಗಿಸಿದ್ದಾಳೆ.