ಬೀಸುಕಲ್ಲಿನ ಸದ್ದು

ನಮ್ಮ ಮನೆಯ ಎಲೆಕ್ಟ್ರಿಕ್ ಸ್ಕೂಟರಿಗೆ ಏನೋ ಆಗಿದೆ ಎಂದು ಮೊದಲು ಕಂಡುಹಿಡಿದವಳು ಅಮ್ಮ. ಕೋಟೇಶ್ವರ ಪೇಟೆಯಿಂದ ತರಕಾರಿ ಚೀಲ ಹಿಡಿದು ಹಿಂದೆ ಕೂತಿದ್ದಳು. ಹೆದ್ದಾರಿಯಲ್ಲಿ ಬರುವಷ್ಟು ಹೊತ್ತೂ ಸುಮ್ಮನಿದ್ದವಳು, ಬೀಜಾಡಿಯ ಒಳರಸ್ತೆಗೆ ಗಾಡಿ ಇಳಿಯುತ್ತಿದ್ದಂತೆ ಹೆಗಲು ತಟ್ಟಿದಳು.

"ಮಗಾ, ಗಾಡಿ ಎಂತದೋ ಸದ್ದ್ ಮಾಡ್ತಿತ್ತಲ್ದಾ?"

"ಎಂಥಾ ಸದ್ದ್ ಅಮ್ಮ?"

"ಬೀಸುಕಲ್ಲ್. ಅಕ್ಕಿ ಮುಗ್ದ್ ಬರೀ ಕಲ್ಲ್ ತಿರ್ಗಿದ ಹಾಂಗೆ."

ಬೀಸುಕಲ್ಲು ಈಗ ನಮ್ಮ ಮನೆಯಲ್ಲಿ ಬಾವಿಕಟ್ಟೆಯ ಪಕ್ಕ ಕೂತಿದೆ, ಅದರ ಮೇಲೊಂದು ತುಳಸಿ ಕುಂಡ. ಆದರೆ ಅದನ್ನು ಮೂವತ್ತು ವರ್ಷ ತಿರುಗಿಸಿದ ಕೈ ಅಮ್ಮನದು. ಕಲ್ಲಿನ ಬಾಯಿಗೆ ಅಕ್ಕಿ ಇರುವಷ್ಟು ಹೊತ್ತು ಒಂದು ಸದ್ದು, ಮೆತ್ತಗೆ, ತುಂಬಿದ ಬಾಯಲ್ಲಿ ಮಾತಾಡಿದಂತೆ. ಅಕ್ಕಿ ಮುಗಿದು ಕಲ್ಲು ಕಲ್ಲಿಗೆ ತಾಗಿದರೆ ಬೇರೆಯೇ ಸದ್ದು, ಒರಟಾದ ಒಣ ಘರಘರ. ಆ ಎರಡರ ವ್ಯತ್ಯಾಸ ಅವಳ ಕಿವಿಯಲ್ಲಿ ಈಗಲೂ ಇದೆ. ಅವಳ ಆ ಒಂದು ಮಾತಿನಲ್ಲಿ ರೋಗವೂ ಇತ್ತು, ಅದರ ಕಾರಣವೂ ಇತ್ತು. ಅದು ನನಗೆ ಅರ್ಥವಾಗಲು ಮೂರು ವಾರ ಬೇಕಾಯಿತು.

ಪೆಟ್ರೋಲ್ ಗಾಡಿಯಿದ್ದ ಕಾಲದಲ್ಲಿ ಇಂಥ ಮಾತು ಬರುತ್ತಲೇ ಇರಲಿಲ್ಲ. ಚಕ್ರ ಸದ್ದು ಮಾಡುತ್ತಿರಲಿಲ್ಲ ಎಂದಲ್ಲ, ಇಂಜಿನ್ನಿನ ಸದ್ದಿನಡಿ ಅದು ಕೇಳುತ್ತಿರಲಿಲ್ಲ. ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದು ಬೇಗ ತಿಳಿಯುತ್ತದೆ. ಮದ್ದಳೆ ಭಾಗವತರ ಪದ್ಯದ ಬೆನ್ನಿಗೆ ಇಡೀ ರಾತ್ರಿ ನಡೆಯುತ್ತಲೇ ಇರುತ್ತದೆ. ಚಂಡೆ ಬೀಳುವುದು ವೇಷದ ಪ್ರವೇಶಕ್ಕೆ, ಯುದ್ಧಕ್ಕೆ, ಆವೇಶದ ಘಟ್ಟಕ್ಕೆ. ಚಂಡೆ ಬಿದ್ದಾಗ ಮದ್ದಳೆ ನಿಂತಿರುವುದಿಲ್ಲ. ನಮ್ಮ ಕಿವಿಗೆ ಸಿಕ್ಕುವುದಿಲ್ಲ, ಅಷ್ಟೆ. ಪೆಟ್ರೋಲ್ ಇಂಜಿನ್ ಅಂದರೆ ಹೊರಟಲ್ಲಿಂದ ಮುಟ್ಟುವವರೆಗೂ ಬಿಡದೆ ಬಾರಿಸುವ ಚಂಡೆ. ಎಲೆಕ್ಟ್ರಿಕ್ ಗಾಡಿ ಬಂದ ಮೇಲೆ ಚಂಡೆ ನಿಂತಿತು, ಇಷ್ಟು ವರ್ಷ ಅಡಿಯಲ್ಲಿ ನುಡಿಯುತ್ತಿದ್ದದ್ದೆಲ್ಲ ಮೇಲೆ ಬಂತು. ಟಯರು ಡಾಮರನ್ನು ಸವರುವ ಸದ್ದು, ಬ್ರೇಕಿನ ಉಸಿರು, ಡಿಕ್ಕಿಯೊಳಗಿನ ಬೀಗದ ಕೈ, ಎಲ್ಲ ಕೇಳುತ್ತದೆ. ಹೊಸದಾಗಿ ಗಾಡಿ ಕೊಂಡವರು ಗಾಬರಿಯಾಗುವುದು ಇದಕ್ಕೇ. ಹತ್ತರಲ್ಲಿ ಆರೇಳು ಸದ್ದು ಚಿಂತೆ ಮಾಡುವಂಥವಲ್ಲ, ಉಳಿದವನ್ನು ಮಾತ್ರ ಬಿಡಬಾರದು. ಯಾವುದು ಯಾವುದೆಂದು ಬೇರ್ಪಡಿಸುವ ಕೆಲಸದಲ್ಲೇ ಇರುವುದು ವಿದ್ಯೆಯೆಲ್ಲ.

ಸದ್ದಿಲ್ಲದ ಗಾಡಿಯಿಂದ ಬೇರೊಂದು ಕಷ್ಟವೂ ಇದೆ. ದಾರಿಯಲ್ಲಿ ನಡೆಯುವವರಿಗೆ ಅದು ಹತ್ತಿರ ಬಂದದ್ದೇ ತಿಳಿಯುವುದಿಲ್ಲ. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ತಾವಾಗಿ ಒಂದು ಸದ್ದು ಹೊರಡಿಸಲೇಬೇಕೆಂಬ ನಿಯಮ ಬಂದದ್ದು ಅದಕ್ಕಾಗಿ, ಮುಖ್ಯವಾಗಿ ಕಣ್ಣು ಕಾಣದವರ ಸಲುವಾಗಿ. ನಮ್ಮ ಓಣಿಯಲ್ಲಿ ನಾನು ತಿರುವಿಗೊಮ್ಮೆ ಹಾರ್ನ್ ಒತ್ತುತ್ತೇನೆ. ಮಕ್ಕಳು ಗೋಳಿಮರದ ಹಿಂದಿನಿಂದ ಯಾವಾಗ ಓಡಿ ಬರುತ್ತಾರೆಂದು ಹೇಳಲಾಗುವುದಿಲ್ಲ.

ನಾನು ಆ ಮೂರು ವಾರ ಏನು ಮಾಡಿದೆ ಎಂದರೆ, ಸದ್ದಿಗೆ ಹೆಸರಿಡುತ್ತಾ ಕೂತೆ. ಅದು ವ್ಯರ್ಥವಾಗಲಿಲ್ಲ. ನಮ್ಮ ಭಾಷೆಯಲ್ಲಿ ಸದ್ದಿನ ಪದಗಳಿಗೆ ಬರವಿಲ್ಲ. ಶಾಲೆಯಲ್ಲಿ ಅನುಕರಣಾವ್ಯಯ ಎಂದು ಓದಿ ಪರೀಕ್ಷೆಗೆ ಬರೆದು ಮರೆತಿರುತ್ತೇವೆ. ಗ್ಯಾರೇಜಿನಲ್ಲಿ ಅವೇ ಪದಗಳಿಗೆ ಬೆಲೆ ಬರುತ್ತದೆ. "ಏನೋ ಸೌಂಡ್ ಬರುತ್ತೆ" ಅಂದರೆ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ. ಟಿಕ್ ಟಿಕ್ ಅಂದರೆ ಏನೋ ಒಂದು ಕಡೆ ಸಿಕ್ಕಿಕೊಂಡಿದೆ, ಚಕ್ರ ಒಂದು ಸುತ್ತು ಬಂದಾಗ ಒಮ್ಮೆ ತಾಗುತ್ತದೆ. ಶ್ಶ್… ಶ್ಶ್… ಎಂದು ಬಿಟ್ಟು ಬಿಟ್ಟು ಬಂದರೆ ಡಿಸ್ಕ್ ಬ್ರೇಕಿನ ತಟ್ಟೆ ಎಲ್ಲೋ ತುಸು ಬಾಗಿ ಪ್ಯಾಡಿಗೆ ಉಜ್ಜುತ್ತಿದೆ. ಬೆಳಿಗ್ಗೆ ಮೊದಲ ಸಲ ಬ್ರೇಕ್ ಹಿಡಿದಾಗ ಬರುವ ಚರ್ರ್ ಎಂಬುದು ಕಡಲ ಗಾಳಿಗೆ ರಾತ್ರಿ ಹಿಡಿದ ತುಕ್ಕಿನದು. ನಾಲ್ಕು ಸಲ ಬ್ರೇಕ್ ಹಿಡಿಯುವಷ್ಟರಲ್ಲಿ ಹೋಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಗಾಡಿ ನಿಧಾನ ಮಾಡುವಾಗ ಕುಂಯ್ ಎಂದು ಸಣ್ಣಗೆ ಕೊರಗಿದರೆ ಮೋಟರ್ ಬ್ಯಾಟರಿಗೆ ಕರೆಂಟ್ ವಾಪಸು ಕೊಡುತ್ತಿದೆ ಎಂದು ತಿಳಿಯಬೇಕು. ಹೊರಡುವಾಗ ಕಟಕಟ ಎಂದು ಗಾಡಿ ನಡುಗಿದರೆ ಮಾತ್ರ ವಿಷಯ ಬೇರೆ. ಚಕ್ರದ ಗುಂಬದಲ್ಲೇ ಮೋಟರ್ ಇರುವ ಗಾಡಿಗಳಲ್ಲಿ ಒಳಗೆ ಸಾಮಾನ್ಯವಾಗಿ ಮೂರು ಹಾಲ್ ಸೆನ್ಸರ್‌ಗಳಿರುತ್ತವೆ. ಚಕ್ರ ಈಗ ಎಲ್ಲಿದೆ ಎಂದು ಕಂಟ್ರೋಲರ್‌ಗೆ ಹೇಳುವುದು ಅವು. ಅವುಗಳಲ್ಲಿ ಒಂದು ಕೆಟ್ಟರೂ, ಮೋಟರಿಗೆ ಹೋಗುವ ಮೂರು ದಪ್ಪ ವೈರುಗಳಲ್ಲಿ ಒಂದರ ಕನೆಕ್ಷನ್ ಸಡಿಲವಾದರೂ ತಾಳ ತಪ್ಪುತ್ತದೆ.

ನಮ್ಮ ಗಾಡಿಯಲ್ಲಿ ಮೊದಲು ಸಿಕ್ಕಿದ್ದು ಟಿಕ್ ಟಿಕ್. ಅದನ್ನು ಲೆಕ್ಕ ಹಾಕಿಯೇ ಹಿಡಿದೆ. 12 ಇಂಚಿನ ರಿಮ್ಮಿಗೆ ಟಯರು ಸೇರಿಸಿದರೆ ಚಕ್ರ ಒಂದು ಸುತ್ತಿಗೆ ಒಂದೂವರೆ ಮೀಟರಿಗೆ ತುಸು ಕಡಿಮೆ ದೂರ ಹೋಗುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕು ಸುತ್ತು. ಮೀಟರಿನಲ್ಲಿ 20 ನಿಲ್ಲಿಸಿಕೊಂಡು ಕಿವಿಗೊಟ್ಟರೆ ಟಿಕ್ ಕೂಡ ಸೆಕೆಂಡಿಗೆ ನಾಲ್ಕೇ. ಅಲ್ಲಿಗೆ ಅದು ಚಕ್ರದಲ್ಲೇ, ಒಂದೇ ಜಾಗದಲ್ಲಿ ಇದೆ ಎಂದಾಯಿತು. ಅಂಗಳಕ್ಕೆ ಬಂದು ಹಿಂದಿನ ಟಯರನ್ನು ಬೆರಳಲ್ಲಿ ತಡವುತ್ತಾ ಹೋದಾಗ ಗೀರಿನ ನಡುವೆ ಜಲ್ಲಿಯ ಒಂದು ಚೂರು. ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದೆ. ಟಿಕ್ ನಿಂತಿತು. ಬೀಸುಕಲ್ಲು ನಿಲ್ಲಲಿಲ್ಲ. ಒಂದು ಸದ್ದಿನ ಹಿಂದೆ ಇನ್ನೊಂದು ಕೂತಿರುತ್ತದೆ ಎಂಬುದು ಆಗ ತಿಳಿಯಿತು. ಮೊದಲನೆಯದು ಸಿಕ್ಕ ಖುಷಿಯಲ್ಲಿ ನಾವು ಎರಡನೆಯದನ್ನು ಬಿಟ್ಟುಬಿಡುತ್ತೇವೆ.

ಅಷ್ಟರಲ್ಲಿ ಗಾಡಿಯನ್ನು ಒಂದು ಕಡೆ ತೋರಿಸಿಯೂ ಬಂದಿದ್ದೆ. ಐದು ನಿಮಿಷ ಓಡಿಸಿ ನೋಡಿದವರು, ಮೋಟರ್ ಹೋಗಿದೆ, ಇಡೀ ಹಿಂದಿನ ಚಕ್ರವೇ ಹೊಸತು ಹಾಕಬೇಕು ಎಂದರು. ಹೇಳಿದ ಮೊತ್ತ ಕೇಳಿ ಅಮ್ಮ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಅವರು ಚಕ್ರವನ್ನು ಕೈಯಿಂದ ಒಮ್ಮೆಯೂ ಮುಟ್ಟಿರಲಿಲ್ಲ. ನಾಡಿ ಹಿಡಿಯದೆ ಔಷಧಿ ಬರೆಯುವ ವೈದ್ಯರನ್ನು ನಮ್ಮ ಹಿರಿಯರು ನಂಬುತ್ತಿರಲಿಲ್ಲ. ಎಲೆಕ್ಟ್ರಿಕ್ ಗಾಡಿ ಎಂದ ಮಾತ್ರಕ್ಕೆ ಅದರ ಎಲ್ಲ ಕಾಯಿಲೆಯೂ ಕರೆಂಟಿನದೇ ಆಗಬೇಕಾಗಿಲ್ಲ. ಚಕ್ರ ಚಕ್ರವೇ, ಅಚ್ಚು ಅಚ್ಚೇ.

ಕೊನೆಗೆ ಹೋದದ್ದು ಹೆದ್ದಾರಿ ಬದಿಯ ಒಂದು ಸಣ್ಣ ಗ್ಯಾರೇಜಿಗೆ. ಅಲ್ಲಿನ ಹುಡುಗ ಸೈಕಲ್ಲಿನಿಂದ ಟೆಂಪೋವರೆಗೆ ಎಲ್ಲ ನೋಡುವವನು. ಸದ್ದು ಹೇಗಿದೆ ಎಂದು ಕೇಳಿದ. ನಾನು ಅಮ್ಮ ಹೇಳಿದ್ದನ್ನೇ ಹೇಳಿದೆ. ಅವನು ತಲೆ ಎತ್ತಿ ನೋಡಿದ. "ಅಮ್ಮ ಸಮಾ ಹೇಳಿರ್ ಕಾಣಿ" ಅಂದ.

ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಕೀ ತೆಗೆಸಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದ. ಮೋಟರಿನ ಅಯಸ್ಕಾಂತಗಳು ಮೆಲ್ಲಗೆ ಹಿಡಿದು ಬಿಟ್ಟು ಮಾಡುವುದು ಕೈಗೆ ತಿಳಿಯುತ್ತಿತ್ತು, ಅದು ಸಹಜ. ವೈರು ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ದರೆ ಚಕ್ರ ಹಟ ಹಿಡಿದಂತೆ ಭಾರವಾಗುತ್ತದೆ, ಇಲ್ಲಿ ಹಾಗೆ ಆಗಲಿಲ್ಲ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ, ಆಟ ಇರಲಿಲ್ಲ. ಸದ್ದೂ ಇರಲಿಲ್ಲ.

"ಹ್ವಾಯ್, ಇದ್ ಹಿಂದಿನ್ ಸದ್ದಲ್ಲ ಮಾರಾಯ್ರೆ."

ಗಾಡಿಯ ಮೂತಿ ಎತ್ತಿ ಅಡಿಗೆ ಮರದ ತುಂಡು ಕೊಟ್ಟ. ಮುಂದಿನ ಚಕ್ರ ತಿರುಗಿಸಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅಚ್ಚಿನ ನಟ್ಟಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದ. ಆಮೇಲೆ ಅದನ್ನು ನನ್ನ ಕಿವಿಗೆ ಇಟ್ಟ. ಘರಘರ ಅಷ್ಟು ಹತ್ತಿರದಿಂದ ಕೇಳಿದಾಗ ಮೈ ಜುಮ್ಮೆಂದಿತು. ಬೀಸುಕಲ್ಲು ಅಲ್ಲೇ ಇತ್ತು. ಸದ್ದು ಫುಟ್‌ಬೋರ್ಡಿನ ಕಬ್ಬಿಣ ಹಿಡಿದು ಹಿಂದಕ್ಕೆ ಹೋಗಿ ಸೀಟಿನಡಿ ಏಳುತ್ತಿತ್ತು. ಎಲ್ಲರೂ ಹಿಂದಿನ ಚಕ್ರವನ್ನೇ ನೋಡಿದ್ದು ಅದಕ್ಕೆ. ಅಮ್ಮ ಎಲ್ಲಿಂದ ಎಂದು ಹೇಳಿರಲಿಲ್ಲ, ಎಂಥದ್ದು ಎಂದಷ್ಟೇ ಹೇಳಿದ್ದಳು.

ಚಕ್ರ ಬಿಚ್ಚಿ ಬೇರಿಂಗ್ ತಟ್ಟಿ ತೆಗೆದು ನನ್ನ ಅಂಗೈಗೆ ಹಾಕಿದ. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಬಳೆ. ಒರಸಿದರೆ ಮೈಮೇಲೆ 6201 ಎಂದು ಕೊರೆದಿತ್ತು. ಪ್ರಪಂಚದಲ್ಲಿ ಎಲ್ಲಿ ಕೊಂಡರೂ ಆ ಸಂಖ್ಯೆಗೆ ಒಂದೇ ಅಳತೆ: ಒಳಗಿನ ತೂತು 12 ಮಿಲಿಮೀಟರ್, ಹೊರ ಸುತ್ತು 32, ದಪ್ಪ 10. ಬೇರಿಂಗಿನ ಬದಿಗಿದ್ದ ರಬ್ಬರ್ ಮುಚ್ಚಳವನ್ನು ಅವನು ಸೂಜಿಯಿಂದ ಎಬ್ಬಿಸಿದ. ಒಳಗೆ ಗ್ರೀಸ್ ಇರಬೇಕಾದ ಜಾಗದಲ್ಲಿ ಹಳೆ ಚಹಾದ ಬಣ್ಣದ ಕೆಸರು. ಗುಂಡುಗಳು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿದ್ದವು. ಒಳಬಳೆಯನ್ನು ಬೆರಳಿಂದ ತಿರುಗಿಸಿದರೆ ಅನ್ನದಲ್ಲಿ ಮರಳು ಸಿಕ್ಕಿದಂತೆ ಕರಕರ. ಅಕ್ಕಿ ಮುಗಿದಿತ್ತು, ಕಲ್ಲು ಕಲ್ಲಿಗೆ ತಾಗುತ್ತಿತ್ತು.

ಇಷ್ಟು ಸಣ್ಣ ವಸ್ತುವಿನ ಮೇಲೆ ಮನುಷ್ಯ ಎಷ್ಟು ತಲೆ ಕೆಡಿಸಿಕೊಂಡಿದ್ದಾನೆ! ಗಾಡಿಯ ಅಚ್ಚಿಗೆ ಗುಂಡುಗಳನ್ನು ಕೂರಿಸುವ ಉಪಾಯಕ್ಕೆ ವೇಲ್ಸ್‌ನ ಫಿಲಿಪ್ ವಾನ್ ಎಂಬಾತ 1794ರಲ್ಲೇ ಪೇಟೆಂಟ್ ಪಡೆದ. 1869ರಲ್ಲಿ ಪ್ಯಾರಿಸಿನಿಂದ ರುವಾನ್‌ಗೆ ನಡೆದ ಸೈಕಲ್ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಬಾಲ್ ಬೇರಿಂಗ್ ಹಾಕಿದ ಸೈಕಲ್ಲಿನಲ್ಲಿ. ನನಗೆ ಹೆಚ್ಚು ಇಷ್ಟವಾದದ್ದು ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್ ಕತೆ. ಆತ ಕೆಲಸ ಮಾಡುತ್ತಿದ್ದ ಬಟ್ಟೆ ಗಿರಣಿ ಜೇಡಿಮಣ್ಣಿನ ನೆಲದ ಮೇಲಿತ್ತು. ನೆಲ ಸರಿದಂತೆ ಗಿರಣಿಯ ಉದ್ದನೆಯ ದಂಡಗಳು ಓರೆಯಾಗಿ ಬೇರಿಂಗುಗಳು ಹಾಳಾಗುತ್ತಿದ್ದವು. ಓರೆಯಾದರೂ ತಾನೇ ಹೊಂದಿಕೊಂಡು ತಿರುಗುವ ಬೇರಿಂಗನ್ನು ಆತ 1907ರಲ್ಲಿ ರೂಪಿಸಿದ. ಎಸ್‌ಕೆಎಫ್ ಕಂಪನಿ ಹುಟ್ಟಿದ್ದು ಅಲ್ಲಿಂದ. ಹಂಚಿನ ಕಾರ್ಖಾನೆಗಳನ್ನು ಕಂಡ ಕುಂದಾಪುರದ ಕಡೆಯ ನಮಗೆ ಜೇಡಿಮಣ್ಣಿನ ಸ್ವಭಾವ ಹೊಸತಲ್ಲ. ನೆಲದ ಗುಣ ಯಂತ್ರಕ್ಕೆ ತಟ್ಟದೆ ಇರುವುದಿಲ್ಲ.

ನಮ್ಮ ನೆಲದ ಗುಣ ಉಪ್ಪು ಮತ್ತು ಮಳೆ. ಕಡಲಿನಿಂದ ಕೂಗಳತೆಯಲ್ಲಿರುವ ಮನೆಗಳ ಗೇಟು, ಕಿಟಕಿಯ ಸರಳು, ಸೈಕಲ್ಲಿನ ಚೈನು ನೋಡಿದರೆ ಗೊತ್ತಾಗುತ್ತದೆ. ಆದರೆ ಬೇರಿಂಗಿನೊಳಗೆ ನೀರು ಹೋದದ್ದು ಹೇಗೆ? ಹುಡುಗ ಕೇಳಿದ್ದು ಒಂದೇ ಪ್ರಶ್ನೆ, ಗಾಡಿ ಎಲ್ಲಿ ತೊಳೆಸುತ್ತೀರಿ ಎಂದು. ಮಳೆಗಾಲದ ಕೆಸರು ಹೋಗಲೆಂದು ತಿಂಗಳಿಗೆರಡು ಸಲ ಪ್ರೆಶರ್ ವಾಷಿಂಗ್ ಮಾಡಿಸುತ್ತಿದ್ದೆ. ಮೇಲಿನಿಂದ ಬೀಳುವ ಮಳೆಯನ್ನು ರಬ್ಬರ್ ಮುಚ್ಚಳ ತಡೆಯುತ್ತದೆ. ಪೈಪಿನಿಂದ ಅಚ್ಚಿಗೇ ಗುರಿಯಿಟ್ಟು ಹೊಡೆದ ನೀರನ್ನು ತಡೆಯುವುದಿಲ್ಲ. ಒಳಗೆ ಹೋದ ನೀರು ಗ್ರೀಸನ್ನು ಕೆಡಿಸುತ್ತದೆ, ಕೆಟ್ಟ ಗ್ರೀಸಿನಡಿ ತುಕ್ಕು ಏಳುತ್ತದೆ. ತಿಂಗಳಿಗೆ ಆರುನೂರು ಕಿಲೋಮೀಟರ್ ಓಡುವ ಗಾಡಿಯ ಚಕ್ರ ನಾಲ್ಕು ಲಕ್ಷಕ್ಕೂ ಹೆಚ್ಚು ಸುತ್ತು ಬರುತ್ತದೆ. ಅಷ್ಟೂ ಸುತ್ತು ಆ ತುಕ್ಕಿನ ಮೇಲೆ ಉರುಳಿದರೆ ಗುಂಡುಗಳಾದರೂ ಏನು ಮಾಡಬೇಕು?

ಎತ್ತಿನ ಗಾಡಿಯ ಕಾಲದವರು ಇದನ್ನು ಚೆನ್ನಾಗಿ ಬಲ್ಲವರು. ಗಾಡಿ ಹೊಡೆಯುವವನ ಹತ್ತಿರ ಕೀಲೆಣ್ಣೆಯ ಕೊಳವೆ ಇಲ್ಲದಿದ್ದರೆ ಅವನನ್ನು ಗಾಡಿಯವನೆಂದೇ ಎಣಿಸುತ್ತಿರಲಿಲ್ಲ. ಚಕ್ರ ಕಿರುಗುಟ್ಟಿತೆಂದರೆ ಅಲ್ಲೇ ಇಳಿದು ಎಣ್ಣೆ ಕಾಣಿಸುತ್ತಿದ್ದರು, ಮನೆ ಮುಟ್ಟಲಿ ಎಂದು ಕಾಯುತ್ತಿರಲಿಲ್ಲ. ಈಗಿನ ಮುಚ್ಚಿದ ಬೇರಿಂಗಿಗೆ ಹೊರಗಿನಿಂದ ಎಣ್ಣೆ ಬಿಟ್ಟರೆ ಉಪಯೋಗವಿಲ್ಲ, ಇದ್ದ ಗ್ರೀಸೂ ಕರಗಿ ಹೋಗುತ್ತದೆ. ಬದಲಾಯಿಸುವುದೊಂದೇ ದಾರಿ, ಅದೂ ಎರಡೂ ಬದಿಯದನ್ನು ಒಟ್ಟಿಗೆ. ಆದರೆ ಕೇಳಿದ ಕೂಡಲೇ ಇಳಿದು ನೋಡುವ ಆ ಅಭ್ಯಾಸ ಮಾತ್ರ ನಮಗೆ ಬೇಕಾದದ್ದೇ. ಸವೆದ ಬೇರಿಂಗ್ ಬರೀ ಸದ್ದು ಮಾಡಿ ಸುಮ್ಮನಾಗುವುದಿಲ್ಲ. ಒಂದು ದಿನ ಹೆದ್ದಾರಿಯಲ್ಲಿ, ಪಕ್ಕದಲ್ಲಿ ಮೀನಿನ ಲಾರಿ ಹೋಗುವಾಗ, ಮುಂದಿನ ಚಕ್ರವನ್ನೇ ಹಿಡಿದು ನಿಲ್ಲಿಸಬಹುದು. ಹಿಂದೆ ಕೂತವಳು ಅಮ್ಮ ಎಂದು ನೆನೆದಾಗ ಆ ಮೂರು ವಾರದ ತಡಕ್ಕೆ ನನಗೆ ಈಗಲೂ ಸಂಕಟವಾಗುತ್ತದೆ.

ಹೊಸ ಬೇರಿಂಗ್ ಎರಡೂ ಬದಿಗೆ ಹಾಕಿಸಿ ಸಂಜೆ ಮನೆಗೆ ಬಂದೆ. ಅಮ್ಮನನ್ನು ಕೂರಿಸಿಕೊಂಡು ಬೀಚಿನವರೆಗೆ ಹೋದೆ. ದಾರಿಯುದ್ದ ಅವಳು ಮಾತಾಡಲಿಲ್ಲ, ಕೇಳುತ್ತಿದ್ದಳು. ಮರಳಿನ ಹತ್ತಿರ ಗಾಡಿ ನಿಲ್ಲಿಸಿದ ಮೇಲೆ "ಈಗ ಕಡಲ್ ಒಂದೇ ಕೇಂತ್" ಅಂದಳು.

ನಿಮ್ಮ ಮನೆಯಲ್ಲೂ ಎಲೆಕ್ಟ್ರಿಕ್ ಗಾಡಿ ಇದ್ದರೆ ಒಂದು ಮಾತು. ತೊಳೆಯುವಾಗ ಚಕ್ರದ ನಡುವಿಗೆ ಪೈಪು ಹಿಡಿಯಬೇಡಿ. ಬಕೆಟ್ ನೀರು, ಹಳೆ ಬಟ್ಟೆ ಸಾಕು. ಸದ್ದು ಬಂದರೆ ಹಿಂದೆ ಕೂತವರನ್ನು ಕೇಳಿ. ಕೀ ತೆಗೆದು, ಎರಡೂ ಚಕ್ರವನ್ನು ಒಂದೊಂದಾಗಿ ಎತ್ತಿ ಕೈಯಿಂದ ತಿರುಗಿಸಿ ನೋಡಿ. ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ, ಮಳೆ ಹಿಡಿಯುವ ಮುಂಚೆ, ವರ್ಷಕ್ಕೊಮ್ಮೆ ಚಕ್ರ ಬಿಚ್ಚಿಸಿ ಬೇರಿಂಗ್ ನೋಡಿಸಿ.