ಹಾರುವ ವಿದ್ಯೆ

ಬೇಲೂರಿನ ಚೆನ್ನಕೇಶವ ದೇವಾಲಯದ ಮುಂದೆ ಗರುಡನು ಕೈಮುಗಿದು ನಿಂತಿದ್ದಾನೆ. ಹಕ್ಕಿಗಳ ರಾಜನಾದರೂ ಆತನಿಗೆ ಹಾರುವ ಆತುರವಿಲ್ಲ. ಹಾರಬಲ್ಲವನಿಗೆ ನೆಲದ ಮೇಲೆ ನಿಲ್ಲುವುದೂ ತಿಳಿದಿರಬೇಕಲ್ಲವೆ? ಅರಸೀಕೆರೆಯ ಹುಡುಗನೊಬ್ಬನು ಈ ಪಾಠವನ್ನು ಕಲಿತದ್ದು ಕಂಪ್ಯೂಟರಿನ ಎದುರಿನಲ್ಲಿ.

ಯುದ್ಧವಿಮಾನಗಳ ಆಟವೆಂದರೆ ಅವನಿಗೆ ಪ್ರಾಣ. ಇಂತಹ ಆಟಗಳಲ್ಲಿ ದೇಶದೇಶಗಳ ಆಟಗಾರರು ಒಂದೇ ಆಕಾಶದಲ್ಲಿ ಸೇರಿ ಸೆಣಸುತ್ತಾರೆ. 2012ರಲ್ಲಿ ಸಾರ್ವಜನಿಕರಿಗೆ ತೆರೆದ ‘ವಾರ್ ಥಂಡರ್’ ಇವುಗಳಲ್ಲೊಂದು. ಮೊದಲ ದಿನವೇ ಹುಡುಗನು ವಿಮಾನವನ್ನು ಮೇಲೇರಿಸಿದನು. ಎತ್ತರದಲ್ಲಿ ಶತ್ರುವನ್ನು ಕಂಡೊಡನೆ ಮೂತಿಯನ್ನು ನೆಟ್ಟಗೆ ಮೇಲಕ್ಕೆತ್ತಿದನು. ವಿಮಾನವು ನಡುಗಿ ಕಲ್ಲಿನಂತೆ ಬೀಳತೊಡಗಿತು. ಅವನು ಹಿಡಿಕೆಯನ್ನು ಎಳೆದಷ್ಟೂ ಬೀಳುವುದು ಹೆಚ್ಚಾಯಿತು.

ರೆಕ್ಕೆಯು ಗಾಳಿಗೆ ತಕ್ಕ ಕೋನದಲ್ಲಿರುವವರೆಗೆ ಗಾಳಿಯು ಅದನ್ನು ಎತ್ತಿ ಹಿಡಿಯುತ್ತದೆ. ಆ ಕೋನವು ಸುಮಾರು 15 ಡಿಗ್ರಿಗಳನ್ನು ಮೀರಿದರೆ ಗಾಳಿಯ ಹರಿವು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದುರುತ್ತದೆ. ಎತ್ತುವ ಬಲವು ಕುಸಿಯುತ್ತದೆ. ಆಗ ಮೂತಿಯನ್ನು ಕೆಳಕ್ಕೆ ಬಾಗಿಸುವುದೊಂದೇ ಉಪಾಯ. ಬೀಳುತ್ತಿರುವವನೇ ಇನ್ನಷ್ಟು ಬಾಗಬೇಕೆಂಬುದು ವಿಚಿತ್ರವೇ ಸರಿ! ಆದರೆ ಬಾಗಿದವನಿಗೆ ವೇಗವು ಮರಳುತ್ತದೆ, ವೇಗದೊಡನೆ ಬಲವೂ ಮರಳುತ್ತದೆ. ಎತ್ತರವು ಕಣಜದಲ್ಲಿಟ್ಟ ಧಾನ್ಯದಂತೆ. ಅದನ್ನು ಖರ್ಚುಮಾಡಿದರೆ ವೇಗ ದೊರೆಯುತ್ತದೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎರಗಬೇಕೆಂದು ಜರ್ಮನಿಯ ವೈಮಾನಿಕ ಓಸ್ವಾಲ್ಡ್ ಬೋಲ್ಕೆ 1916ರಲ್ಲಿ ವಿಧಿಸಿದ ನಿಯಮವನ್ನೂ ಹುಡುಗನು ಕಲಿತನು.

ಎಲ್ಲಕ್ಕಿಂತ ಕಠಿಣವಾದದ್ದು ಇಳಿಯುವುದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಚಕ್ರವ್ಯೂಹದ ಶಿಲ್ಪವಿದೆ. ಒಳಹೊಗಲು ಬಲ್ಲ ಅಭಿಮನ್ಯುವಿಗೆ ಹೊರಬರುವ ಬಗೆ ತಿಳಿದಿರಲಿಲ್ಲ. ಹುಡುಗನ ಸ್ಥಿತಿಯೂ ಅದೇ ಆಗಿತ್ತು. ಗೆದ್ದು ಬಂದರೂ ನೆಲ ಮುಟ್ಟುವಾಗ ವಿಮಾನವು ಮುರಿದು ಬೀಳುತ್ತಿತ್ತು. ವೇಗವನ್ನು ಮೆಲ್ಲಮೆಲ್ಲನೆ ತಗ್ಗಿಸುವ ತಾಳ್ಮೆ ಅವನಿಗೆ ಬರಲು ಅನೇಕ ವಾರಗಳೇ ಬೇಕಾದವು.

ಪ್ರಾಣಾಪಾಯವಿಲ್ಲದೆ ಹಾರಾಟವನ್ನು ಕಲಿಸುವ ಯಂತ್ರವನ್ನು ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿಯೇ ನಿರ್ಮಿಸಿದ್ದನು. ಅವನ ತಂದೆಯದು ಆರ್ಗನ್ ವಾದ್ಯಗಳ ಕಾರ್ಖಾನೆ. ಆ ವಾದ್ಯದ ತಿದಿಗಳೇ ಆ ಯಂತ್ರವನ್ನು ಓಲಾಡಿಸುತ್ತಿದ್ದವು. ಇಂದಿನ ಆಟಗಳನ್ನು ಅದರ ಮೊಮ್ಮಕ್ಕಳೆನ್ನಬಹುದು. ಇಲ್ಲಿ ಬಿದ್ದವನಿಗೆ ಮರುಕ್ಷಣವೇ ಇನ್ನೊಂದು ವಿಮಾನವು ಸಿದ್ಧವಾಗಿರುತ್ತದೆ.

ನಿಜವಾದ ಆಕಾಶದಲ್ಲಿ ಹಾಗಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಇತರರಿಗೆ ಹಾರಾಟವನ್ನು ಕಲಿಸಿದ ಗುರುಗಳು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲಿನ ದಾಳಿಯಲ್ಲಿ ಅವರ ಮಿಸ್ಟೇರ್ ವಿಮಾನವು ತನಗಿಂತ ಬಹಳ ವೇಗದ ಸ್ಟಾರ್‌ಫೈಟರನ್ನು ಎದುರಿಸಿ ಕೆಡವಿತು. ಅವರು ಮರಳಿ ಬರಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರವನ್ನು ನೀಡಲಾಯಿತು.

ಈ ಕಥೆಯನ್ನು ಓದಿದ ಮೇಲೆ ಹುಡುಗನು ಆಟವನ್ನು ಬಿಡಲಿಲ್ಲ. ಆಡುವ ರೀತಿ ಮಾತ್ರ ಬದಲಾಯಿತು. ಒಂದು ಸಂಜೆ ಗೆಲುವು ಕೈಗೆಟಕುವಂತಿದ್ದಾಗ, ಮುಖವನ್ನೇ ಕಂಡಿರದ ಜೊತೆಗಾರನೊಬ್ಬನ ವಿಮಾನವು ಹೊಗೆಯುಗುಳುತ್ತ ಹಿಂದಿರುಗುತ್ತಿತ್ತು. ಹುಡುಗನು ಶತ್ರುವನ್ನು ಬಿಟ್ಟು, ನೆಲೆ ಮುಟ್ಟುವವರೆಗೂ ಅವನಿಗೆ ಕಾವಲಾಗಿ ಹಾರಿದನು. ಅಂದು ಅವನ ಲೆಕ್ಕಕ್ಕೆ ಅಂಕವೊಂದೂ ಸೇರಲಿಲ್ಲ. ಆದರೆ ಎರಡು ವಿಮಾನಗಳೂ ಸುಕ್ಷೇಮವಾಗಿ ಇಳಿದವು.