ಒಂಟಿನಳಿಗೆಯ ಒಂದೇ ಈಡು

ನಿಮ್ಮ ಕೋವಿಗೆ ಎಷ್ಟು ಗುಂಡು ಹಿಡಿಸುತ್ತದೆ ಎಂದು ಬೆಂಗಳೂರಿನ ಬಾಗಲೂರಿನಲ್ಲಿ ನಮ್ಮ ನೆರೆಯ ಹುಡುಗರು ಕೇಳುತ್ತಾರೆ. ಒಂದು ಎಂದರೆ ಅವರ ಮುಖ ಸಪ್ಪಗಾಗುತ್ತದೆ. ನನಗಾದರೋ ವಯಸ್ಸು ಏರಿದಷ್ಟೂ ಆ ಒಂದರ ಮೇಲಿನ ಪ್ರೀತಿ ಹೆಚ್ಚುತ್ತಲೇ ಬಂದಿದೆ.

ಆ ಕೋವಿ ಇರುವುದು ಕೊಡಗಿನ ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ. ಕೇಪಿನ ಕೋವಿ, ಬಾಯಿಂದ ಮದ್ದು ತುಂಬುವಂಥದ್ದು. ಮೊದಲು ಮಸಿಯನ್ನು, ಅಂದರೆ ಕರಿಮದ್ದನ್ನು, ಅಳೆದು ನಳಿಗೆಗೆ ಸುರಿಯಬೇಕು. ಅದರ ಮೇಲೆ ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು. ಸಡಿಲವಾದರೆ ಈಡಿಗೆ ಜೀವವಿಲ್ಲ. ಗಜ ತಳ ಮುಟ್ಟಿ ಟಣ್ಣೆಂದು ಪುಟಿದರೆ ಜಡಿತ ಹದಕ್ಕೆ ಬಂದಿದೆ ಎಂದು ಅಜ್ಜ ಹೇಳುತ್ತಿದ್ದರು. ಆಮೇಲೆ ಚರೆ, ಮತ್ತೆ ನಾರು. ಕೇಪು ಇಡುವುದು ಎಲ್ಲಕ್ಕಿಂತ ಕೊನೆಗೆ, ಕೋವಿಯ ಬಾಯಿ ಯಾರ ಕಡೆಗೂ ಇಲ್ಲವೆಂದು ನೋಡಿಕೊಂಡ ಮೇಲೆ. ಇಷ್ಟೆಲ್ಲ ಮಾಡಿ ತುಂಬಿದ್ದನ್ನು ಸುಮ್ಮನೆ ಹಾರಿಸಿಬಿಡಲು ಯಾರಿಗೆ ಮನಸ್ಸು ಬಂದೀತು? ಉಸಿರು ತಾನಾಗಿ ನಿಧಾನವಾಗುತ್ತದೆ, ಕಣ್ಣು ಗುರಿಯಲ್ಲಿ ನಿಲ್ಲುತ್ತದೆ. ಹೊಗೆ ಎದ್ದು ಗಂಧಕದ ವಾಸನೆ ಮೂಗಿಗೆ ಬಡಿದ ಮೇಲೆ ಮತ್ತೆ ಮೊದಲಿನಿಂದ ತುಂಬಬೇಕು. ಆ ಬಿಡುವಿನಲ್ಲಿ ಹಿಂದಿನ ಈಡು ಯಾಕೆ ತುಸು ಎಡಕ್ಕೆ ಹೋಯಿತೆಂದು ಯೋಚಿಸಲು ಸಮಯವಿರುತ್ತದೆ. ನನ್ನ ಮಟ್ಟಿಗೆ ಕೋವಿಯ ಸುಖವೆಲ್ಲ ಆ ಬಿಡುವಿನಲ್ಲಿದೆ.

ಈ ಕೋವಿಗಳು ಕೊಡಗಿನಲ್ಲಿ ಉಳಿದುಬಂದ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಸಿಪಾಯಿ ದಂಗೆಯ ನಂತರ ಬ್ರಿಟಿಷ್ ಸರ್ಕಾರ ಕಾಯ್ದೆ ಮಾಡಿ ಜನರಿಂದ ಆಯುಧ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ, 1861ರಲ್ಲಿ, ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟವರು ಮಾರ್ಕ್ ಕಬ್ಬನ್. ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ನರೇ. ಇಂದಿಗೂ ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಸಾವಾದರೆ ಎರಡು. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು. ನಾಟಿ ಮುಗಿದು ಸೆಪ್ಟೆಂಬರಿನಲ್ಲಿ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ಕೋವಿಗಳನ್ನು ಒರೆಸಿ ತೋಕ್ ಪೂ ಎಂಬ ಕೋವಿ ಹೂವನ್ನು ಮುಡಿಸಿ ಪೂಜಿಸುತ್ತೇವೆ, ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುತ್ತೇವೆ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, ನಿಲ್ಲಿಸಬೇಕಾದದ್ದೇ. ತೆಂಗಿನಕಾಯಿ ಉಳಿಯಿತಲ್ಲ, ನನಗಷ್ಟು ಸಾಕು.

ಬಾಗಲೂರಿನಲ್ಲಿ ನನ್ನ ಜೊತೆಗಿರುವುದು ನಳಿಗೆ ಮಡಿಸಿ ತುಂಬುವ ಏರ್ ರೈಫಲ್. 4.5 ಮಿ.ಮೀ. ನಳಿಗೆ, 20 ಜೂಲ್ ಮೀರದ ಶಕ್ತಿ ಇದ್ದರೆ ಇದಕ್ಕೆ ಲೈಸೆನ್ಸ್ ಬೇಡ. ಇದೂ ಒಂದು ಸಲಕ್ಕೆ ಒಂದೇ ಗುಂಡಿನದು. ಒಲಿಂಪಿಕ್ಸಿನ ಹತ್ತು ಮೀಟರ್ ಸ್ಪರ್ಧೆಯಲ್ಲಿಯೂ ಪ್ರತಿ ಗುಂಡನ್ನು ಬಿಡಿಯಾಗಿ ತುಂಬಬೇಕು. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್! ನನ್ನ ಕಣ್ಣಿಗೆ ಹತ್ತಿರದ್ದು ಮಸುಕಾದಾಗ ಸಣ್ಣ ತೂತಿನ ಪೀಪ್ ಸೈಟ್ ಹಾಕಿಸಿಕೊಂಡೆ. ಕಿರಿದಾದ ರಂಧ್ರದಿಂದ ನೋಡಿದರೆ ಮುಂದಿನ ಗುರಿಮೊನೆಯೂ ದೂರದ ಹಾಳೆಯೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಭುಜ ನೋಯುವ ಪ್ರಾಯದವರಿಗೆ ಏರ್ ರೈಫಲ್ಲಿನ ಒದೆತವೂ ಹಗುರ. ಯಲಹಂಕದ ವಾಯುನೆಲೆಯ ವಿಮಾನಗಳು ತಲೆಯ ಮೇಲೆ ಗುಡುಗಿದರೂ ಕೈ ಅಲುಗದಂತೆ ನಿಲ್ಲುವುದು ನನಗೀಗ ಅಭ್ಯಾಸವಾಗಿದೆ.

ಮುಪ್ಪಿಗೂ ಗುರಿಗೂ ವೈರವಿಲ್ಲ ಎನ್ನಲು ಸ್ವೀಡನ್ನಿನ ಆಸ್ಕರ್ ಸ್ವಾನ್ ಸಾಕ್ಷಿ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡುವ ಜಿಂಕೆಯ ಗುರಿಫಲಕಕ್ಕೆ ಒಂದೊಂದೇ ಗುಂಡು ಹೊಡೆಯುವ ಸ್ಪರ್ಧೆ ಗೆದ್ದಾಗ ಅವರಿಗೆ 60. ಕೊನೆಯ ಪದಕ ಬಂದದ್ದು 72ನೇ ವಯಸ್ಸಿನಲ್ಲಿ, 1920ರ ಆಂಟ್ವರ್ಪಿನಲ್ಲಿ.

ಬಂದೂಕು ಸಂಗ್ರಹಿಸುವವರಿಗೂ ನಾನು ಹೇಳುವುದು ಒಂಟಿ ಗುಂಡಿನದನ್ನೇ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸ್‌ದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕಿಳಿದವು. ಆ ಎರಡರಲ್ಲಿ ಒಂದು ಮಾರ್ಟಿನಿ ಮಾದರಿಯದ್ದಾಗಿರಲಿ ಎನ್ನುವವನು ನಾನು. 1871ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿಯ ಸನ್ನೆ ಕೆಳಗೆಳೆದರೆ ಒಳಗಿನ ಅಚ್ಚು ಬಾಗಿ ತೋಟೆಗೆ ದಾರಿ ಬಿಡುತ್ತದೆ, ಮೇಲೆತ್ತಿದರೆ ಮುಚ್ಚಿಕೊಳ್ಳುತ್ತದೆ. ಮುಂದೆ ಬಿ.ಎಸ್.ಎ. ಕಂಪನಿ ಇದೇ ತತ್ವದ ಮೇಲೆ .22 ಗುರಿಬಂದೂಕುಗಳನ್ನು ಮಾಡಿತು. ಮ್ಯಾಗಜಿನ್ ಇಲ್ಲ, ಸಿಕ್ಕಿಹಾಕಿಕೊಳ್ಳುವ ಭಾಗಗಳೂ ಕಡಿಮೆ. ಇದಕ್ಕಿಂತ ಚೆಲುವಾದ ಯಂತ್ರವನ್ನು ನಾನು ಕಂಡಿಲ್ಲ.

ಮನೆಯಲ್ಲಿ ಹಿರಿಯರ ಒಂಟಿನಳಿಗೆ ಇದ್ದವರಲ್ಲಿ ಒಂದು ಕೋರಿಕೆ. ಕರಿಮದ್ದಿನ ಕಿಟ್ಟ ತೇವ ಹೀರಿ ನಳಿಗೆಯನ್ನು ತಿನ್ನುತ್ತದೆ. ಹಾರಿಸಿದ ದಿನವೇ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಕರಿಮದ್ದಿಗೆಂದೇ ಮಾಡಿದ ಹಳೆಯ ನಳಿಗೆಗೆ ಈಗಿನ ತೋಟೆ ಹಾಕಬೇಡಿ, ಬಲ್ಲವರಿಗೆ ತೋರಿಸದೆ ಹಾರಿಸಲೂ ಬೇಡಿ. ಲೈಸೆನ್ಸ್ ನವೀಕರಣದ ತಾರೀಖನ್ನು ಇವತ್ತೇ ನೋಡಿಕೊಳ್ಳಿ.